ಗುಲಗಂಜಿ ಹುಳದ ಮರಿಗಳನ್ನು ನಾನೇ ಕೊಂದೆ: ಲಿಂಬೆ ಬೆಳೆಗಾರರಿಗೊಂದು ಎಚ್ಚರಿಕೆ

ಇಂಡಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಕಾಗಜಿ ಲಿಂಬೆ, ಇನ್ನೂರು ಚಿಲ್ಲರೆ ಗಿಡ. ಹೋದ ವರ್ಷ ಅಂಬೆ ಬಹಾರಿನ (ಚಳಿಗಾಲ ಮುಗಿಯುವಾಗಿನ ಹೂವಿನ ಹಂಗಾಮು) ಹೊತ್ತಿಗೆ ಎಳೆ ಚಿಗುರಿನ ತುಂಬ ಕರಿ ಹೇನು. ಎಲೆ ಮುರುಟಿಕೊಂಡಿದ್ದವು, ಹೇನು ಬಿಡುವ ಸಿಹಿ ಅಂಟು, ಅಂದರೆ ಜಿಗಿ, ಸುರಿದು ಕೆಳಗಿನ ಎಲೆಗಳಿಗೆ ಮಸಿ ಬಳಿದಂತಾಗಿತ್ತು. ಅದಕ್ಕೆ ನಾನು ಅಷ್ಟೇನೂ ಹೆದರಿರಲಿಲ್ಲ. ಹೆದರಿಸಿದ್ದು ಹೇನಿನ ನಡುವೆ ಓಡಾಡುತ್ತಿದ್ದ ಇನ್ನೊಂದು ಹುಳ. ಬೂದುಗಪ್ಪು ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಆರು ಕಾಲು, ಉಗುರಿನಷ್ಟೂ ಇಲ್ಲದ ಮೊಸಳೆ ಮರಿಯಂಥದ್ದು. ಹೊಸ ಪೀಡೆ ಬಂತು ಅಂದುಕೊಂಡು ಫೋಟೊ ಹಿಡಿದು ಔಷಧದ ಅಂಗಡಿಗೆ ಓಡಿದೆ.

ಅಂಗಡಿಯವನು ಫೋಟೊ ದೊಡ್ಡದು ಮಾಡಿಯೂ ನೋಡಲಿಲ್ಲ. “ಭಾಳ ಡೇಂಜರ್ ಹುಳ ಐತ್ರಿ. ಹೇನು ವೈರಸ್ ತರತೈತಿ, ಇದು ಚಿಗುರು ತಿಂತೈತಿ. ಒಂದ ಎಣ್ಣಿ ಸಾಲಂಗಿಲ್ಲ, ಮಿಕ್ಸ್ ಹೊಡೀರಿ” ಅಂದ. ಎಣ್ಣೆ ಅಂದರೆ ನಮ್ಮಲ್ಲಿ ಕೀಟನಾಶಕ. ಒಂದು ಬಾಟಲಿ ಇಮಿಡಾಕ್ಲೋಪ್ರಿಡ್, ಇನ್ನೊಂದು ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿದ್ದು. ಅಳತೆ? ಪಂಪಿಗೆ ಎರಡೆರಡು ಮುಚ್ಚಳ. ಬಿಲ್ಲಿನ ಬದಲು ಚೀಟಿಯ ಮೇಲೆ ಬರೆದ ಮೊತ್ತ. ಎರಡನೇ ಬಾಟಲಿಯ ಡಬ್ಬಿಯೊಳಗೆ ಮಡಿಚಿಟ್ಟ ಕಾಗದದಲ್ಲಿ ಬೆಳೆಯ ಹೆಸರು ಅಂತ ಇದ್ದದ್ದು ಹತ್ತಿ ಮಾತ್ರ. ಅದನ್ನು ನಾನು ಓದಿದ್ದು ನಾಲ್ಕು ತಿಂಗಳಾದ ಮೇಲೆ.

ಬೆಳಗ್ಗೆ ಹನ್ನೊಂದಕ್ಕೆ ಪಂಪು ಹೊತ್ತು ಇಳಿದೆ. ಹೂವು ಅರಳಿದ್ದವು, ಗಿಡದ ತುಂಬ ಜೇನಿನ ಸದ್ದು. ಬಾಯಿಗೆ ಟವೆಲ್ಲು ಕಟ್ಟಿಕೊಂಡಿದ್ದೇ ದೊಡ್ಡ ರಕ್ಷಣೆ ಅಂದುಕೊಂಡಿದ್ದೆ, ಸಂಜೆಗೆ ತಲೆ ಸಿಡಿದು ಎರಡು ಸಲ ವಾಂತಿಯಾಯಿತು. ಮರುದಿನ ಗಿಡದ ಬುಡದಲ್ಲಿ ಜೇನುಹುಳಗಳು ಅಂಗಾತ ಬಿದ್ದಿದ್ದವು. ಹೇನೂ ಸತ್ತಿತ್ತು, ಮೊಸಳೆಯೂ ಸತ್ತಿತ್ತು. ಖುಷಿಯಾಗಿ ಪಕ್ಕದ ಹೊಲದ ಇಬ್ಬರಿಗೆ ಅದೇ ಮಿಕ್ಸ್ ಹೇಳಿಕೊಟ್ಟೆ. ಇದನ್ನು ಬರೆಯುತ್ತಿರುವುದಕ್ಕೆ ಆ ನಾಚಿಕೆಯೂ ಒಂದು ಕಾರಣ.

ಮೂರು ವಾರ ಕಳೆದು ಮುಂದಿನ ಚಿಗುರು ಬಂತು, ಹೇನು ಮೊದಲಿಗಿಂತ ಹೆಚ್ಚು. ಜೊತೆಗೆ ಬಲಿತ ಎಲೆಗಳೆಲ್ಲ ಧೂಳು ಹೊಡೆದಂತೆ ಬಿಳಿಚಿಕೊಂಡವು. ಅದು ನುಸಿ, ಎಲೆಯ ರಸ ಹೀರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಅಂಗಡಿಯವನ ಹತ್ತಿರ ನುಸಿಗೂ ಒಂದು ಬಾಟಲಿ ಇತ್ತು ಅನ್ನಿ. ಆ ಬಹಾರದಲ್ಲಿ ಕಾಯಿ ಕಟ್ಟಿದ್ದು ಅರ್ಧವೂ ಇಲ್ಲ. ಜೇನಿಲ್ಲದ್ದಕ್ಕೋ, ನುಸಿಗೋ, ನಡುವೆ ನಾನು ನೀರು ತಪ್ಪಿಸಿದ್ದಕ್ಕೋ, ಒಂದೇ ಕಾರಣ ಹೇಳಲಾರೆ.

ಕೊನೆಗೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅಲ್ಲಿನ ಕೀಟ ತಜ್ಞರು ಹಳೆಯ ಫೋಟೊ ನೋಡಿ, “ಇದು ಗುಲಗಂಜಿ ಹುಳದ ಮರಿ, ಹೇನು ತಿಂದೇ ಬೆಳೆಯೋದು” ಅಂದರು. ಕೆಂಪು ಬೆನ್ನಿನ ದುಂಡು ಹುಳ ನನಗೆ ಚಿಕ್ಕಂದಿನಿಂದ ಗೊತ್ತು. ಅದರ ಮರಿ ಹೀಗಿರುತ್ತದೆ ಅಂತ ಯಾರೂ ತೋರಿಸಿರಲಿಲ್ಲ. ಅದೇ ಫೋಟೊದಲ್ಲಿ ಕಂದು ಬಣ್ಣಕ್ಕೆ ತಿರುಗಿ ಉಬ್ಬಿ ನಿಂತ ಹೇನುಗಳನ್ನೂ ತೋರಿಸಿದರು. ಒಳಗೆ ಸಣ್ಣ ಕಣಜದ ಮರಿ ಬೆಳೆದು, ಹೇನು ಬರೀ ಸಿಪ್ಪೆಯಾಗಿ ಉಳಿದಿರುತ್ತದಂತೆ. ನಾನು ಪಂಪು ಹೊರುವ ಹೊತ್ತಿಗೆ ಹೊಲದಲ್ಲಿ ಕೆಲಸ ಆಗಲೇ ನಡೆದಿತ್ತು.

ಹೇನಿಗೆ ಗಂಡು ಬೇಕಿಲ್ಲ, ಮೊಟ್ಟೆಯೂ ಬೇಕಿಲ್ಲ. ನೇರ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನಕ್ಕೆ ತಾನೂ ಮರಿ ಹಾಕುತ್ತದೆ. ಮುರುಟಿದ ಎಲೆಯೊಳಗೆ ನಾಲ್ಕು ಉಳಿದರೂ ಸಂತೆ ನೆರೆಯುತ್ತದೆ. ಗುಲಗಂಜಿ ಹುಳಕ್ಕೆ ಮೊಟ್ಟೆಯಿಂದ ಬೆಳೆಯಲು ಮೂರು ನಾಲ್ಕು ವಾರ ಬೇಕು, ಹಾಗಾಗಿ ಎರಡೂ ಸತ್ತರೆ ಹೇನೇ ಮೊದಲು ಮರಳುತ್ತದೆ. ನುಸಿಯದೂ ಇದೇ ಕಥೆ. ಸೈಪರ್‌ಮೆಥ್ರಿನ್ ಜಾತಿಯ ಎಣ್ಣೆ ಹೊಡೆದರೆ ನುಸಿ ತಿನ್ನುವ ಹುಳ ಸಾಯುತ್ತವೆ, ನುಸಿ ಉಳಿದು ಹೆಚ್ಚುತ್ತದೆ.

ವೈರಸ್ಸಿನ ಮಾತು ಸುಳ್ಳಲ್ಲ. ಹೇನು ಟ್ರಿಸ್ಟೆಜಾ ಎಂಬ ವೈರಸ್ ರೋಗ ಹರಡುತ್ತದೆ, ಕಾಗಜಿ ಲಿಂಬೆಗೆ ಅದು ಬೇಗ ತಗಲುತ್ತದೆ. ಎಳೆ ಎಲೆಯನ್ನು ಬಿಸಿಲಿಗೆ ಹಿಡಿದರೆ ನರಗಳು ತುಂಡು ತುಂಡಾಗಿ ಬೆಳ್ಳಗೆ ಕಾಣುತ್ತವೆ. ಆದರೆ ರೋಗವಿರುವ ಹೇನು ರಸ ಹೀರಲು ಕೂತರೆ ಎಣ್ಣೆ ಅದನ್ನು ಕೊಲ್ಲುವ ಮೊದಲೇ ವೈರಸ್ ದಾಟಿರುತ್ತದೆ. ಅದಕ್ಕೆ ಹೆದರುವವರು ಸಸಿ ತರುವ ನರ್ಸರಿಯಲ್ಲಿ ಹೆದರಬೇಕು.

ಈ ವರ್ಷವೂ ಹೇನು ಬಂದಿದೆ. ತೀರಾ ಮುರುಟಿದ ತುದಿ ಚಿವುಟಿದೆ, ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದೆ. ಇರುವೆ ಹತ್ತುತ್ತಿದ್ದ ಗಿಡಗಳ ಕಾಂಡಕ್ಕೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಗ್ರೀಸು ಬಳಿದೆ, ಏಕೆಂದರೆ ಜಿಗಿಯ ಆಸೆಗೆ ಇರುವೆಗಳು ಹೇನಿಗೆ ಕಾವಲು ನಿಂತು ಗುಲಗಂಜಿ ಹುಳವನ್ನು ಓಡಿಸುತ್ತವೆ. ಒಂದಿಪ್ಪತ್ತು ಗಿಡಕ್ಕೆ ಮಾತ್ರ, ಸಂಜೆ, ಲೀಟರಿಗೆ ಐದು ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪು. ಚಿಗುರು ಬಲಿತ ಮೇಲೆ ಹೇನು ತಾನೇ ಇಳಿಯಿತು. ಎಣ್ಣೆ ಬೇಕೇ ಆದರೆ ಫೋಟೊ ಮೊದಲು ವಿಜ್ಞಾನ ಕೇಂದ್ರಕ್ಕೆ ತೋರಿಸಿ, ಹೂವಿದ್ದಾಗ ಪಂಪು ಮುಟ್ಟಬೇಡಿ, ಪಕ್ಕಾ ಬಿಲ್ಲು ಕೇಳಿ ಪಡೆಯಿರಿ. ಅಂಗಡಿಯವನ ಮೇಲೆ ನಾನು ಕೊಟ್ಟ ದೂರು ಬಿಲ್ಲಿಲ್ಲದ್ದಕ್ಕೇ ಮೇಜಿನಿಂದಾಚೆ ಹೋಗಲಿಲ್ಲ.

ಉಳಿದ ಅರ್ಧ ಬಾಟಲಿ ಇನ್ನೂ ಗುಡಿಸಲಿನ ಅಟ್ಟದ ಮೇಲಿದೆ. ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುತ್ತಾನೆ. ಹೊಲದಲ್ಲಿ ಬಾವಿ ಇದೆ, ಮಗ್ಗುಲಿಗೇ ಹಳ್ಳ ಇದೆ. ಎಲ್ಲಿ ಸುರಿಯಲಿ?