ಎಡಿನ್‌ಬರೋದಲ್ಲಿ ಉಳಿಯುವುದೆಲ್ಲಿ: ಓಲ್ಡ್ ಟೌನೋ, ನ್ಯೂ ಟೌನೋ, ಲೀತೋ?

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಕೋಣೆ ಹುಡುಕುವವರು ಮೊದಲು ಕೋಟೆಯಿಂದ ಎಷ್ಟು ದೂರ ಎಂದು ನೋಡುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿ ಲೆಕ್ಕಕ್ಕೆ ಬರುವುದು ದೂರವಲ್ಲ, ಏರಿಳಿತ. ಕೋಟೆಯಿಂದ ಹಾಲಿರೂಡ್ ಅರಮನೆಯವರೆಗೆ ಇಳಿಯುವ ರಾಯಲ್ ಮೈಲ್ ಬೀದಿ ಒಂದು ದಿಣ್ಣೆಯ ನೆತ್ತಿ; ಓಲ್ಡ್ ಟೌನ್ ಇರುವುದು ಈ ದಿಣ್ಣೆಯ ಮೇಲೆಯೇ. ಅದರ ಉತ್ತರಕ್ಕೆ ವೇವರ್ಲಿ ರೈಲು ನಿಲ್ದಾಣವಿರುವ ತಗ್ಗು. ತಗ್ಗು ದಾಟಿ ಮತ್ತೆ ಏರಿದರೆ ನ್ಯೂ ಟೌನ್. ಅಲ್ಲಿಂದ ಸಮುದ್ರದತ್ತ ಇಳಿಜಾರು, ಅದರ ಕೊನೆಗೆ ಲೀತ್ ಬಂದರು. ಈ ಮೂರೂ ಕಡೆ ಬೇರೆ ಬೇರೆ ಸಲ ತಂಗಿದ್ದೇನೆ. ಒಮ್ಮೆ ಒಬ್ಬಳೇ, ಒಮ್ಮೆ ಗಂಡನೊಂದಿಗೆ, ಒಮ್ಮೆ ಮಂಡಿನೋವಿನ ಅಮ್ಮನನ್ನೂ ಅಪ್ಪನನ್ನೂ ಕರೆದುಕೊಂಡು. ಮೂರರ ಅನುಭವವೂ ಬೇರೆಯೇ.

ಓಲ್ಡ್ ಟೌನ್ ಮೊದಲ ನೋಟಕ್ಕೇ ಮನಸ್ಸು ಸೆಳೆಯುತ್ತದೆ. ರಾಯಲ್ ಮೈಲ್‌ನ ಭಾಗವಾದ ಹೈ ಸ್ಟ್ರೀಟಿನ ಇಕ್ಕೆಲಗಳಲ್ಲೂ ‘ಕ್ಲೋಸ್’ ಎಂದು ಕರೆಯುವ ಓಣಿಗಳಿವೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದು. ಅಡ್ವೊಕೇಟ್ಸ್ ಕ್ಲೋಸ್‌ನ ಮೇಲ್ತುದಿಯಲ್ಲಿ ನಿಂತರೆ, ಎರಡು ಗೋಡೆಗಳ ನಡುವಿನ ಸೀಳಿನಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸ್ಮಾರಕದ ಕಪ್ಪುಗಟ್ಟಿದ ಗೋಪುರ ಕಾಣುತ್ತದೆ. ಬೆಳಿಗ್ಗೆ ಏಳಕ್ಕೆ, ಪ್ರವಾಸಿಗರ ಗುಂಪು ಬರುವ ಮೊದಲು, ಸೇಂಟ್ ಜೈಲ್ಸ್ ಚರ್ಚಿನ ಮುಂದಿನ ಕಲ್ಲುಹಾಸು ಖಾಲಿಯಾಗಿರುತ್ತದೆ. ಈ ಹೊತ್ತು ದಕ್ಕುವುದು ಅಲ್ಲೇ ಉಳಿದವರಿಗೆ ಮಾತ್ರ. ಓಲ್ಡ್ ಟೌನಿನ ದುಬಾರಿ ಬಾಡಿಗೆಗೆ ನಾನು ಒಪ್ಪುವ ಕಾರಣವೂ ಇದೊಂದೇ.

ಆದರೆ ಇಲ್ಲಿ ನಕ್ಷೆಯನ್ನು ನಂಬಿ ಕೋಣೆ ಹಿಡಿಯಬಾರದು. ಸೌತ್ ಬ್ರಿಡ್ಜ್ ಮತ್ತು ಕೌಗೇಟ್ ಬೀದಿಗಳು ನಕ್ಷೆಯಲ್ಲಿ ಒಂದನ್ನೊಂದು ಹಾಯುತ್ತವೆ. ವಾಸ್ತವದಲ್ಲಿ ಕೌಗೇಟ್ ಇರುವುದು ಸೇತುವೆಯ ಅಡಿಯಲ್ಲಿ, ಹಲವು ಅಂತಸ್ತು ಕೆಳಗೆ. ಹತ್ತು ಹೆಜ್ಜೆಯ ದೂರ ಎಂದು ಕಂಡದ್ದು ಮೆಟ್ಟಿಲುಗಳ ಸಾಲಾಗಿಬಿಡುತ್ತದೆ. ಕಟ್ಟಡದ ಒಂದೇ ಮಹಡಿ ಮುಂಭಾಗದ ಬೀದಿಗೆ ನೆಲಮಹಡಿ, ಹಿಂಭಾಗದ ಬೀದಿಗೆ ನಾಲ್ಕನೆಯದೋ ಐದನೆಯದೋ ಮಹಡಿ ಆಗಿರುವುದೂ ಉಂಟು. ಹಳೆಯ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ವಿಳಾಸದಲ್ಲಿ ‘3ಎಫ್2’ ಎಂದಿದ್ದರೆ ಮೂರನೆಯ ಮಹಡಿಯ ಎರಡನೆಯ ಮನೆ ಎಂದರ್ಥ. ನೆಲಮಹಡಿ ಆ ಲೆಕ್ಕಕ್ಕೆ ಸೇರುವುದಿಲ್ಲ. ನಾನಿದ್ದ ಮನೆಯ ಸುರುಳಿ ಮೆಟ್ಟಿಲಿನ ಕಲ್ಲುಗಳು ಕಾಲು ತಾಗಿ ತಾಗಿ ನಡುವೆ ಬಟ್ಟಲಿನಂತೆ ತಗ್ಗಾಗಿದ್ದವು. ನೋಡಲು ಬಲು ಚೆಂದ, ಆದರೆ ಪೆಟ್ಟಿಗೆ ಹೊತ್ತು ಹತ್ತುವಾಗ ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡಬೇಕು. ವಾರಾಂತ್ಯದ ರಾತ್ರಿ ಕೌಗೇಟ್ ಕಡೆಯ ಪಬ್‌ಗಳ ಗದ್ದಲ ಬೇರೆ. ಗಟ್ಟಿ ಕಾಲಿನವರು ಒಂದೆರಡು ರಾತ್ರಿಗೆ ಬಂದರೆ ಓಲ್ಡ್ ಟೌನೇ ಸರಿ. ಅದಕ್ಕಿಂತ ಹೆಚ್ಚು ದಿನಕ್ಕೆ ನಾನು ಹೇಳಲಾರೆ.

ನ್ಯೂ ಟೌನ್ ಎಂದರೂ ಅದು ಹದಿನೆಂಟನೆಯ ಶತಮಾನದ್ದು. ದಿಣ್ಣೆಯ ಮೇಲೆ ಜನ ಕಿಕ್ಕಿರಿದಾಗ, ಜೇಮ್ಸ್ ಕ್ರೇಗ್ ಎಂಬ ಯುವ ವಾಸ್ತುಶಿಲ್ಪಿಯ ನಕ್ಷೆಯಂತೆ 1767ರಿಂದ ಕಟ್ಟತೊಡಗಿದ ಬಡಾವಣೆ. ನೇರ ಬೀದಿಗಳು, ಅಗಲ ಕಾಲುದಾರಿ, ಎತ್ತರದ ಕಿಟಕಿಗಳು. ಷಾರ್ಲೆಟ್ ಚೌಕದ 7ನೇ ನಂಬರಿನ ಮನೆ ಈಗ ವಸ್ತುಸಂಗ್ರಹಾಲಯ. ಆ ಕಾಲದ ಸಿರಿವಂತರು ಹೇಗೆ ಬಾಳಿದರೆಂದು ಅಲ್ಲಿ ನೋಡಬಹುದು. ರೈಲು, ಟ್ರಾಮ್, ಬಸ್ ಎಲ್ಲವೂ ಕೈಗೆಟಕುವ ದೂರದಲ್ಲಿ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಆಕಾಶದಲ್ಲಿ ಬೆಳಕಿರುತ್ತದೆ. ಕಿಟಕಿಗಳ ಒಳಬದಿಯ ಮಡಚುವ ಮರದ ಬಾಗಿಲುಗಳನ್ನು ಮುಚ್ಚಿದರೆ ಕೋಣೆ ಗವ್ವೆನ್ನುವಷ್ಟು ಕತ್ತಲಾಗುತ್ತದೆ. ನಿದ್ದೆಗೆ ಮೂರರಲ್ಲಿ ಇದೇ ಉತ್ತಮ. ಒಂದು ಎಚ್ಚರಿಕೆ: ಇಲ್ಲಿ ಕಡಿಮೆ ದರಕ್ಕೆ ಸಿಗುವ ಕೋಣೆ ಹಲವು ಸಲ ನೆಲದಡಿಯದು. ಅದರ ಕಿಟಕಿ ತೆರೆಯುವುದು ಬೀದಿಗಿಂತ ಕೆಳಗಿನ ಸಣ್ಣ ಅಂಗಳಕ್ಕೆ. ಬಿಸಿಲಿಗಾಗಿ ಹಪಹಪಿಸುವ ಊರಿನಲ್ಲಿ ನನಗೆ ಅದು ಸೇರದು.

ಅಪ್ಪ ಅಮ್ಮನಿಗೆ ಲೀತ್ ಹಿಡಿಸಿತು, ನನಗೂ. 1920ರವರೆಗೆ ಇದು ಬೇರೆಯೇ ಪಟ್ಟಣವಾಗಿತ್ತು. ತಾನು ಎಡಿನ್‌ಬರೋದ ಒಂದು ಮೂಲೆ ಎಂಬ ಭಾವ ಇಂದಿಗೂ ಈ ಊರಿಗಿಲ್ಲ. ಮೊದಲು ಇಲ್ಲಿ ಉಳಿಯಲು ಹಿಂಜರಿಯುತ್ತಿದ್ದವರು ಬಸ್ಸಿನ ಹೊತ್ತಿನ ಕಾರಣ ಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಟ್ರಾಮ್ ಲೀತ್ ದಾಟಿ ಪಕ್ಕದ ನ್ಯೂಹೇವನ್‌ವರೆಗೆ ಬಂದ ಮೇಲೆ ಆ ಮಾತು ಹಳತಾಯಿತು. ವಿಮಾನ ನಿಲ್ದಾಣದಲ್ಲಿ ಹತ್ತಿದವರು ಎಲ್ಲಿಯೂ ಬದಲಿಸದೆ ‘ದ ಶೋರ್’ ನಿಲ್ದಾಣದಲ್ಲಿ ಇಳಿಯಬಹುದು, ಅದೂ ಮೆಟ್ಟಿಲಿಲ್ಲದೆ. ಅಮ್ಮ ಪೆಟ್ಟಿಗೆಯನ್ನು ತಾನೇ ಎಳೆದುಕೊಂಡು ಇಳಿದು, ವಾಟರ್ ಆಫ್ ಲೀತ್ ಹೊಳೆಯ ದಡದಲ್ಲಿ ಹಂಸಗಳನ್ನು ನೋಡುತ್ತ ನಿಂತುಬಿಟ್ಟರು.

ಬಾಡಿಗೆಯಲ್ಲಿ ಉಳಿದ ಹಣಕ್ಕೆ ಅಡುಗೆಮನೆಯಿರುವ ಮನೆಯೇ ಸಿಕ್ಕಿತು. ಲೀತ್ ವಾಕ್ ಬೀದಿಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸು ತಂದು ಅಮ್ಮ ಸಾರು ಕುದಿಸಿದರು. ಊಟ ಸರಿಹೋದ ಮೇಲೆ ಅಪ್ಪನ ಉತ್ಸಾಹವೇ ಬೇರೆಯಾಯಿತು. ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ನಡೆಯುವ ಗುರುದ್ವಾರವೂ ಇಲ್ಲೇ ಇದೆ. ರಾಣಿ ಎಲಿಜಬೆತ್ ಬಳಸುತ್ತಿದ್ದ ಬ್ರಿಟಾನಿಯಾ ಹಡಗು 1998ರಿಂದ ಲೀತ್‌ನಲ್ಲೇ ಇದೆ, ಈಗ ಓಷನ್ ಟರ್ಮಿನಲ್ ಎಂಬ ಮಾಲ್ ಬಳಿ ಲಂಗರು ಹಾಕಿದೆ. ಕೊರತೆ ಇಲ್ಲವೆಂದಲ್ಲ. ಸಮುದ್ರದ ಗಾಳಿ ಮೂಳೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಕಡಲಹಕ್ಕಿಗಳು ನಸುಕಿನಲ್ಲೇ ಅರಚಾಟ ಹಚ್ಚುತ್ತವೆ. ಮಧ್ಯಾಹ್ನ ಕೋಣೆಗೆ ಹೋಗಿ ಅರ್ಧ ಗಂಟೆ ಮಲಗಿ ಬರೋಣ ಎಂದರೆ ಕೋಟೆಯಿಂದ ಇದು ದೂರವೇ.

ಹಿರಿಯರು, ಮಕ್ಕಳು, ಅನ್ನ ಬೇಕೆನ್ನುವವರು ಜೊತೆಗಿದ್ದರೆ ನಾನು ಎರಡನೆಯ ಯೋಚನೆಯಿಲ್ಲದೆ ಲೀತ್ ಎನ್ನುತ್ತೇನೆ. ಹಣದ ಚಿಂತೆ ಇಲ್ಲದ ದಂಪತಿಗೆ ನ್ಯೂ ಟೌನ್. ಆಗಸ್ಟ್‌ನಲ್ಲಿ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು. 1947ರಿಂದ ನಡೆಯುತ್ತಿರುವ ನಾಟಕ, ಕಲೆಗಳ ಉತ್ಸವಗಳ ತಿಂಗಳದು, ಮೂರೂ ಕಡೆ ದರ ಗಗನಕ್ಕೇರುತ್ತದೆ. ನಾಟಕ ನೋಡುವ ಉದ್ದೇಶವಿಲ್ಲದವರು ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಲಿ. 2026ರ ಜುಲೈ 24ರಿಂದ ವಾಸ್ತವ್ಯದ ದರದ ಮೇಲೆ ನಗರಾಡಳಿತದ ಶೇ 5ರ ಪ್ರವಾಸಿ ತೆರಿಗೆಯೂ ಸೇರುತ್ತದೆ. ಸತತ ವಾಸ್ತವ್ಯದಲ್ಲಿ ಮೊದಲ ಐದು ರಾತ್ರಿಗಳಿಗೆ ಮಾತ್ರ ಅದು ಅನ್ವಯ. ಕಾಯ್ದಿರಿಸುವ ಮುನ್ನ ಬಾಡಿಗೆಗೆ ಕೊಡುವವರಿಗೆ ಸಂದೇಶ ಕಳುಹಿಸಿ ಮೂರು ವಿಷಯ ಕೇಳಿಕೊಳ್ಳಿ: ಬಾಗಿಲು ಯಾವ ಬೀದಿಗೆ ತೆರೆಯುತ್ತದೆ, ಅಲ್ಲಿಂದ ಕೋಣೆಗೆ ಎಷ್ಟು ಮೆಟ್ಟಿಲು, ತೋರಿಸಿದ ದರದಲ್ಲಿ ತೆರಿಗೆ ಸೇರಿದೆಯೇ.