ಮುಂಬೈ ಸೊಸೈಟಿಗಳ ಫಾರ್ಮ್ ಬಿ ಸರ್ವಿಸ್: ಟೆರೇಸಿನಲ್ಲಿ ನೀರು ಬಂದ ಮೇಲೆ ಬಿಲ್ಲು

ಜನವರಿ, ಜುಲೈ ಬಂತೆಂದರೆ ಮುಂಬೈಯ ಎತ್ತರದ ಬಿಲ್ಡಿಂಗ್‌ಗಳ ಸೊಸೈಟಿ (ಫ್ಲ್ಯಾಟ್ ಮಾಲೀಕರ ಸಹಕಾರ ಸಂಘ) ಆಫೀಸಿಗೆ ಫೈರ್ ಏಜೆನ್ಸಿಗಳ ಕೊಟೇಶನ್ ಬರತೊಡಗುತ್ತದೆ. ಮಹಾರಾಷ್ಟ್ರದ 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕಾಯ್ದೆಯ ಪ್ರಕಾರ, ಕಟ್ಟಡದ ಬೆಂಕಿ ನಂದಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಪ್ರಮಾಣಪತ್ರವನ್ನು ಈ ಎರಡು ತಿಂಗಳಲ್ಲಿ ಅಗ್ನಿಶಾಮಕ ದಳಕ್ಕೆ ಸಲ್ಲಿಸಬೇಕು. ಅದೇ ಫಾರ್ಮ್ ಬಿ. ಅದಕ್ಕೆ ಸಹಿ ಹಾಕುವ ಅಧಿಕಾರ ಇರುವುದು ರಾಜ್ಯ ಅಗ್ನಿಶಾಮಕ ಸೇವೆಗಳ ನಿರ್ದೇಶನಾಲಯದಿಂದ ಲೈಸೆನ್ಸ್ ಪಡೆದ ಏಜೆನ್ಸಿಗೆ ಮಾತ್ರ. ಸೊಸೈಟಿಯ ಮೇಂಟೆನೆನ್ಸ್ ದುಡ್ಡಿನಲ್ಲಿ ಕೊಳ್ಳುವ ಸೇವೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಆದರೆ ಬರೀ ಕಾಗದಕ್ಕಾಗಿ ಕೊಂಡರೆ ಇದಕ್ಕಿಂತ ಅಪಾಯದ್ದೂ ಇಲ್ಲ, ಏಕೆಂದರೆ ಎಲ್ಲ ಸರಿಯಿದೆಯೆಂದು ನಂಬಿ ಇಡೀ ಬಿಲ್ಡಿಂಗ್ ನಿದ್ದೆ ಮಾಡುತ್ತದೆ.

ಒಳ್ಳೆಯ ಏಜೆನ್ಸಿ ಕೆಲಸ ಶುರು ಮಾಡುವುದು ಪಂಪ್ ರೂಮಿನಿಂದ. ಪ್ಯಾನೆಲ್ಲಿನ ಸ್ವಿಚ್ 'ಆಟೋ'ದಲ್ಲಿದೆಯೇ ಎಂಬುದು ಮೊದಲ ಪ್ರಶ್ನೆ. ಅನೇಕ ಕಡೆ ಅದು 'ಮ್ಯಾನುವಲ್'ನಲ್ಲೋ 'ಆಫ್'ನಲ್ಲೋ ಇರುತ್ತದೆ. ಮಹಡಿಗಳಿಗೆ ಬೆಂಕಿ ನಂದಿಸುವ ನೀರು ಏರಿಸುವ ರೈಸರ್ ಪೈಪಿನಲ್ಲಿ ಎಲ್ಲೋ ಸಣ್ಣ ಸೋರಿಕೆ, ಅದರಿಂದ ಒತ್ತಡ ಇಳಿಯುತ್ತದೆ, ಒತ್ತಡ ತುಂಬಲು ಜಾಕಿ ಎಂಬ ಸಣ್ಣ ಪಂಪ್ ಮತ್ತೆ ಮತ್ತೆ ತಾನಾಗಿ ಶುರುವಾಗುತ್ತದೆ. ಕೆಳಗಿನ ಮಹಡಿಯವರು ಸದ್ದು ಎನ್ನುತ್ತಾರೆ, ಕಮಿಟಿಯವರು ಕರೆಂಟ್ ಬಿಲ್ ಎನ್ನುತ್ತಾರೆ, ವಾಚ್‌ಮನ್ ಸ್ವಿಚ್ ತಿರುಗಿಸಿಬಿಡುತ್ತಾನೆ. ಸೋರಿಕೆ ಹುಡುಕಿ ವಾಲ್ವಿನ ವಾಷರ್ ಬದಲಿಸುವುದು ಏಜೆನ್ಸಿಯ ಕೆಲಸ. ಸ್ವಿಚ್ಚನ್ನು ಮಾತ್ರ ಮತ್ತೆ ಆಟೋಗೆ ತಿರುಗಿಸಿ ಹೋದರೆ ಮರುದಿನವೇ ಅದು ಹಳೆಯ ಜಾಗಕ್ಕೆ ಬರುತ್ತದೆ.

ನಿಜವಾದ ಪರೀಕ್ಷೆ ಟೆರೇಸಿನಲ್ಲಿ. ಎಲ್ಲಕ್ಕಿಂತ ಮೇಲಿನ ಹೈಡ್ರೆಂಟ್‌ಗೆ (ರೈಸರಿನ ನೀರು ಬಿಡುವ ವಾಲ್ವ್) ಹೋಸ್ ಜೋಡಿಸಿ, ನಾಝಲ್ ಹಿಡಿದು ವಾಲ್ವ್ ತೆರೆಯಬೇಕು. ಪಂಪ್ ರೂಮಿನಲ್ಲಿ ಯಾರೂ ಏನನ್ನೂ ಮುಟ್ಟಬಾರದು. ಮೊದಲು ಜಾಕಿ, ಒತ್ತಡ ಇನ್ನೂ ಇಳಿದಾಗ ಮುಖ್ಯ ಪಂಪ್, ಎರಡೂ ತಾವಾಗಿ ಶುರುವಾಗಬೇಕು. ಮುಖ್ಯ ಪಂಪನ್ನು ನಿಲ್ಲಿಸುವುದು ಮಾತ್ರ ಕೈಯಿಂದ. ಮೇಲಿನ ಗೇಜಿನಲ್ಲಿ ಕನಿಷ್ಠ 3.5 ಬಾರ್ ಒತ್ತಡ ಕಾಣಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದು ಅಷ್ಟು. ಕಮಿಟಿಯ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಳ್ಳಿ. ಬಿಲ್ಲು ಪಾಸಾಗುವುದು ಇದಾದ ಮೇಲೆಯೇ ಎಂದು ವರ್ಕ್ ಆರ್ಡರಿನಲ್ಲಿ ಮೊದಲೇ ಬರೆಯಿರಿ. ಈ ಒಂದು ಸಾಲು ಓದಿಯೇ ಹಿಂದೆ ಸರಿಯುವ ಏಜೆನ್ಸಿಯನ್ನು ತಡೆಯಬೇಡಿ.

ಇನ್ನೊಂದು ಪರೀಕ್ಷೆಯನ್ನು ಕೇಳುವವರೇ ಕಡಿಮೆ. ಬೆಂಕಿ ಬಿದ್ದಾಗ ಅಗ್ನಿಶಾಮಕ ದಳ ಬಿಲ್ಡಿಂಗಿನ ವಿದ್ಯುತ್ ಕಡಿತಗೊಳಿಸುತ್ತದೆ. ಫೈರ್ ಪಂಪಿನ ಕೇಬಲ್ ಮೇನ್ ಸ್ವಿಚ್ಚಿನ ನಂತರದಿಂದ ಬಂದಿದ್ದರೆ ಪಂಪೂ ಅದರ ಜೊತೆಗೇ ನಿಲ್ಲುತ್ತದೆ. ಮೇನ್ ಆಫ್ ಮಾಡಿ ಪಂಪ್ ಓಡಿಸಿ ತೋರಿಸಲು ಹೇಳಿ. ಡೀಸೆಲ್ ಪಂಪ್ ಇದ್ದರೆ ಹೆಚ್ಚಾಗಿ ಕೈಕೊಡುವುದು ಬ್ಯಾಟರಿ. ಮೇ ತಿಂಗಳ ನೀರಿನ ಕೊರತೆಯಲ್ಲಿ ಫೈರ್ ಟ್ಯಾಂಕಿನ ನೀರನ್ನು ಮನೆಬಳಕೆಗೆ ಬಿಡುವ ಪದ್ಧತಿಯೂ ಇದೆ. ಜುಲೈ ತಪಾಸಣೆಯಲ್ಲಿ ಟ್ಯಾಂಕಿನ ಮುಚ್ಚಳ ತೆರೆಸಲೇಬೇಕು.

ಪರೇಲಿನ ಕ್ರಿಸ್ಟಲ್ ಟವರ್‌ನಲ್ಲಿ 2018ರ ಆಗಸ್ಟ್ 22ರಂದು ಬೆಂಕಿ ಬಿದ್ದು 4 ಜನ ತೀರಿಕೊಂಡರು. ಕಟ್ಟಡದಲ್ಲಿ ಬೆಂಕಿ ನಂದಿಸುವ ವ್ಯವಸ್ಥೆ ಇತ್ತು, ಆದರೆ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದು ಅಗ್ನಿಶಾಮಕ ದಳ ಹೇಳಿತು. ಟೆರೇಸಿನ ನೀರಿನ ಬಗ್ಗೆ ಇಷ್ಟು ಹಟ ಹಿಡಿಯುವುದು ಇದಕ್ಕೇ.

ಮಹಡಿ ಮಹಡಿಯ ಹೋಸ್ ಬಾಕ್ಸ್‌ಗಳನ್ನು ಗಾಜಿನ ಹೊರಗಿನಿಂದ ಎಣಿಸಿ ಹೋಗುವುದು ತಪಾಸಣೆಯಲ್ಲ. ಹಿತ್ತಾಳೆ, ಗನ್‌ಮೆಟಲ್‌ನ ನಾಝಲ್, ಕಪ್ಲಿಂಗ್‌ಗಳಿಗೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿದೆ, ಅದಕ್ಕೇ ಕಳುವಾಗುತ್ತವೆ. ಬಾಕ್ಸ್ ತೆರೆದು, 63 ಮಿ.ಮೀ. ಹೋಸನ್ನು ಪೂರ್ತಿ ಬಿಚ್ಚಿ, ಮಡಿಕೆಯಲ್ಲಿ ಸೀಳಿದೆಯೇ ನೋಡಿ, ಬೇರೆ ಮಡಿಕೆ ಹಾಕಿ ಇಡಬೇಕು. ಕೆಳಗೆ, ಗೇಟಿನ ಬಳಿ ಅಗ್ನಿಶಾಮಕ ದಳದವರು ತಮ್ಮ ಬಂಡಿಯಿಂದ ನೀರು ತುಂಬಿಸುವ ಇನ್ಲೆಟ್ ಇರುತ್ತದೆ. ಅದರ ಮುಂದೆ ಕಾರು ನಿಲ್ಲಿಸಲು ಜಾಗ ಕೊಟ್ಟಿದ್ದರೆ ಆ ಪಾರ್ಕಿಂಗ್ ರದ್ದು ಮಾಡಿ. ಪಾರ್ಕಿಂಗಿನಲ್ಲಿ ಗುಜರಿ, ಬಟ್ಟೆ ಗಂಟು, ಹಳೆ ಹಾಸಿಗೆ ಇಡಲೂ ಬಿಡಬೇಡಿ. ಗೋರೆಗಾಂವ್ ಪಶ್ಚಿಮದ ಜಯ್ ಭವಾನಿ ಬಿಲ್ಡಿಂಗಿನಲ್ಲಿ 2023ರ ಅಕ್ಟೋಬರ್ 6ರ ನಸುಕಿಗೆ ಬೆಂಕಿ ಹೊತ್ತಿಕೊಂಡದ್ದು ನೆಲಮಹಡಿಯ ಪಾರ್ಕಿಂಗಿನಲ್ಲಿ. ಕನಿಷ್ಠ 7 ಜನ ಸತ್ತರು.

ಅತಿ ಹೆಚ್ಚು ಮೋಸ ನಡೆಯುವುದು ಫೈರ್ ಸಿಲಿಂಡರಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಬೆಂಕಿ ನಂದಿಸುವ ಸಿಲಿಂಡರಿನಲ್ಲಿ. ರೀಫಿಲ್ ಎಂದು ಬಿಲ್ಲು ಮಾಡಿ ಸ್ಟಿಕ್ಕರ್ ಮಾತ್ರ ಬದಲಿಸುವವರಿದ್ದಾರೆ. ತಡೆಯುವ ದಾರಿ ಸುಲಭ: ರೀಫಿಲ್‌ಗೆ ಹೋಗಬೇಕಾದ ಸಿಲಿಂಡರ್‌ಗಳನ್ನು ಏಜೆನ್ಸಿಯ ಎದುರೇ, ಬಯಲಲ್ಲಿ, ನಿವಾಸಿಗಳ ಕೈಯಿಂದ ಹೊಡೆಸಿ ಖಾಲಿ ಮಾಡಿಸಿ. ರೀಫಿಲ್ಲೂ ಖಾತ್ರಿ, ಅಭ್ಯಾಸವೂ ಆಯಿತು. ಪಿನ್ ಎಳೆದು, ಎರಡು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಎಡಕ್ಕೆ ಬಲಕ್ಕೆ ಆಡಿಸಬೇಕು. 4 ಕೆ.ಜಿ.ಯ ಎಬಿಸಿ ಪೌಡರ್ ಸಿಲಿಂಡರ್ ಹತ್ತು ಹದಿನೈದು ಸೆಕೆಂಡಿನಲ್ಲಿ ಖಾಲಿಯಾಗುತ್ತದೆ ಎಂಬುದು ಕೈಯಲ್ಲಿ ಹಿಡಿದಾಗಲೇ ಮನದಟ್ಟಾಗುವುದು. ಗೇಜಿನ ಮುಳ್ಳು ಹಸಿರಿನಲ್ಲಿದ್ದರೂ ಒಳಗಿನ ಪುಡಿ ಗಟ್ಟಿಯಾಗಿರಬಹುದು. ತೇವ ಹೊಕ್ಕರೆ ಮುಂಬೈ ಹವೆಯಲ್ಲಿ ಇದು ಬೇಗ ಆಗುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಗೇಜೇ ಇಲ್ಲ, ತೂಗಿ ನೋಡಿಯೇ ತಿಳಿಯಬೇಕು. ಪೌಡರ್ ಸಿಲಿಂಡರಿನ ಆಯಸ್ಸು 10 ವರ್ಷ, ಕಾರ್ಬನ್ ಡೈಆಕ್ಸೈಡಿನದು 15. ಆಮೇಲೆ ರೀಫಿಲ್ ಮಾಡಿಸುವುದಲ್ಲ, ಗುಜರಿಗೆ ಹಾಕುವುದು.

ತಪಾಸಣೆ ಮಾಡುವವರೇ ರಿಪೇರಿಯನ್ನೂ ಮಾರುವುದು ಈ ಸೇವೆಯ ದೊಡ್ಡ ದೋಷ. ತಪಾಸಣೆಯ ದರ ಒಂದು, ಬಿಡಿಭಾಗಗಳ ದರ ಇನ್ನೊಂದು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗಗಳನ್ನು ಸೊಸೈಟಿಗೇ ಒಪ್ಪಿಸಲು ಹೇಳಿ.

ಫ್ಲ್ಯಾಟಿನ ಬಾಗಿಲ ಒಳಗಿರುವುದನ್ನು ಏಜೆನ್ಸಿಯವರು ನೋಡುವುದು ಅಪರೂಪ. ರೈಸರ್ ಇಲ್ಲದ ಹಳೆಯ ಮೂರು ನಾಲ್ಕು ಮಹಡಿಯ ಕಟ್ಟಡಗಳಲ್ಲಿ ಮನೆಯೊಳಗಿನ ಎಚ್ಚರವೇ ಮುಕ್ಕಾಲು ಪಾಲು. ಮಾಟುಂಗಾ, ಘಾಟ್‌ಕೋಪರ್, ಮುಲುಂಡ್‌ಗಳಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಉಡುಪಿ, ಕುಂದಾಪುರ, ಧಾರವಾಡದ ಕಡೆ ನೆಲೆಸಿದ ಮಾಲೀಕರು ನಮ್ಮವರಲ್ಲಿ ಬಹಳ. ಕಾಯ್ದೆ ಮೊದಲು ಹಿಡಿಯುವುದು ಮಾಲೀಕರನ್ನು. ಅವರು ಸಿಗದಿದ್ದಾಗ ಅಲ್ಲಿ ಇರುವವರನ್ನು. ಉಲ್ಲಂಘನೆಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 20,000ದಿಂದ 50,000 ರೂಪಾಯಿವರೆಗೆ ದಂಡ. ಹಾಗಾಗಿ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರಿನಲ್ಲಿ ಬಣ್ಣ, ಗೀಸರ್ ಎಂದೆಲ್ಲ ಬರೆಸುವಾಗ ಇದನ್ನೂ ಬರೆಸಿ: ವೈರಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನು ಕಡಿಯುವ ಸ್ವಿಚ್), ಏಸಿಗೆ ಪ್ರತ್ಯೇಕ ಲೈನು, ಐಎಸ್‌ಐ ಗುರುತಿನ ಒಂದು 2 ಕೆ.ಜಿ. ಎಬಿಸಿ ಸಿಲಿಂಡರ್ ಮಾಲೀಕರ ಲೆಕ್ಕಕ್ಕೆ. ತಿಂಗಳಿಗೊಮ್ಮೆ ಗೇಜ್ ನೋಡುವುದು, ಏಸಿಯನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸದಿರುವುದು, ಪ್ಯಾಸೇಜಿನಲ್ಲಿ ಚಪ್ಪಲಿ ಕಪಾಟು ಇಡದಿರುವುದು ಬಾಡಿಗೆದಾರರ ಲೆಕ್ಕಕ್ಕೆ. ಐಎಸ್‌ಐ ಗುರುತಿನ ಕೆಳಗಿನ ಲೈಸೆನ್ಸ್ ಸಂಖ್ಯೆ ಸಾಚಾ ಹೌದೋ ಅಲ್ಲವೋ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು.

ಬೆಂಕಿ ನಂದಿಸುವ ಸಿಲಿಂಡರನ್ನು ಒಲೆಯ ಪಕ್ಕ ತೂಗುಹಾಕಬೇಡಿ, ಅಡುಗೆಮನೆಯ ಬಾಗಿಲ ಹೊರಗಿರಲಿ. ಬೆಂಕಿ ದಾಟಿ ಹೋಗಿ ತೆಗೆಯುವಂತಾಗಬಾರದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಪುಡಿಯ ರಭಸಕ್ಕೆ ಎಣ್ಣೆಯೇ ಸಿಡಿಯಬಹುದು, ನೀರಂತೂ ಹಾಕಲೇಬಾರದು. ಗ್ಯಾಸ್ ಬಂದ್ ಮಾಡಿ, ತಟ್ಟೆ ಮುಚ್ಚಿ, ಆರುವ ತನಕ ತೆಗೆಯದಿರಿ. ಗ್ಯಾಸಿನ ಸುರಕ್ಷಾ ಟ್ಯೂಬಿಗೆ 5 ವರ್ಷದ ಆಯಸ್ಸು, ತಾರೀಖು ಅದರ ಮೇಲೆಯೇ ಅಚ್ಚಾಗಿರುತ್ತದೆ. ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಅದನ್ನು ಓದಿಕೊಳ್ಳಿ. ಕಿಟಕಿಗೆ ಗ್ರಿಲ್ ಕೂರಿಸಿದ್ದರೆ ಒಂದು ಕಡೆಯಾದರೂ ಒಳಗಿನಿಂದ ತೆರೆಯುವ ಬಾಗಿಲಿರಲಿ. ಅದರ ಬೀಗದ ಕೈ ಕಿಟಕಿಯ ಪಕ್ಕದಲ್ಲೇ, ಮಕ್ಕಳಿಗೂ ಹಿರಿಯರಿಗೂ ಗೊತ್ತಿರುವ ಮೊಳೆಗೆ ತೂಗಿರಲಿ.