ತುಮಕೂರಿನ ಒಬ್ಬ ವಕೀಲರ ಹತ್ತಿರ ಟ್ರಸ್ಟ್ ಡೀಡ್ ಮಾಡಿಸಿದ ಅನುಭವ

ಹೋದ ವರ್ಷ ತುಮಕೂರಿನ ಕೋರ್ಟ್ ಹತ್ತಿರ ಒಬ್ಬ ವಕೀಲರ ಬಳಿ ಟ್ರಸ್ಟ್ ಡೀಡ್ (ಟ್ರಸ್ಟಿನ ಉದ್ದೇಶ, ನಿಯಮ ಬರೆದಿಡುವ ಪತ್ರ) ಮಾಡಿಸಿದೆವು. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ, ಹೆಸರು ಬರೆಯಬೇಡಿ ಅಂದಿದ್ದಾರೆ. ಅದಕ್ಕೆ ಹೆಸರು ಹಾಕಿಲ್ಲ. ತುಮಕೂರು ಕಡೆಯವರು ಕೇಳಿದರೆ ವಿಳಾಸ ಕೊಡುತ್ತೇನೆ.

ನಮ್ಮಣ್ಣ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದ. ಮದುವೆ ಆಗಿರಲಿಲ್ಲ. ತೀರಿಕೊಂಡಾಗ ಬ್ಯಾಂಕಿನಲ್ಲಿ 14 ಲಕ್ಷದ ಎಫ್‌ಡಿ ಇತ್ತು. ತಾನು ಓದಿದ ಊರ ಶಾಲೆಯ ಹೆಣ್ಣುಮಕ್ಕಳ ಓದಿಗೆ ಏನಾದರೂ ಮಾಡಬೇಕು ಅಂತ ಯಾವಾಗಲೂ ಹೇಳುತ್ತಿದ್ದ. ಉಯಿಲು ಮಾತ್ರ ಬರೆದಿರಲಿಲ್ಲ. ನಾಮಿನಿ ನಾನು. ಅವನ ಆಸೆಯಂತೆ ಆ ದುಡ್ಡಿನಲ್ಲಿ ಒಂದು ಟ್ರಸ್ಟ್ ಮಾಡೋಣ ಅಂದುಕೊಂಡೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಫೋನಿನಲ್ಲೇ ಎಲ್ಲ ಮಾಡಿಕೊಡ್ತೀವಿ ಅನ್ನುವ ಒಬ್ಬ ಏಜೆಂಟರಿಗೆ ಎಂಟು ಸಾವಿರ ಕಟ್ಟಿದೆ. ಎರಡೇ ದಿನದಲ್ಲಿ ವಾಟ್ಸಾಪ್‌ಗೆ ಡ್ರಾಫ್ಟ್ ಬಂತು. ಉದ್ದೇಶಗಳ ಪಟ್ಟಿಯಲ್ಲಿ ಗೋಶಾಲೆ, ವೃದ್ಧಾಶ್ರಮ ಎಲ್ಲ ಇತ್ತು. ನನ್ನನ್ನು ಆಜೀವ ಅಧ್ಯಕ್ಷೆ ಮಾಡಿದ್ದರು. ಟ್ರಸ್ಟಿಗಳು, ಅಂದರೆ ಟ್ರಸ್ಟನ್ನು ನೋಡಿಕೊಳ್ಳುವವರು, ಆಸ್ತಿಯನ್ನು 'ತಮ್ಮ ಇಚ್ಛೆಯಂತೆ' ಮಾರಬಹುದು ಅಂತ ಒಂದು ಸಾಲು. ಯಾರದೋ ಡೀಡಿಗೆ ನಮ್ಮ ಹೆಸರು ಹಾಕಿ ಕಳಿಸಿದ್ದರು. ನನಗೆ ಅದು ಗೊತ್ತೇ ಆಗಲಿಲ್ಲ, ಸಹಿ ಹಾಕಲು ತಯಾರಿದ್ದೆ. ನಮ್ಮ ಶಾಲೆಯ ನಿವೃತ್ತ ಹೆಡ್‌ಮಾಸ್ಟರು ಓದಿ, "ಇದಕ್ಕೆ ಸಹಿ ಹಾಕಬೇಡಿ ಕಣಮ್ಮ" ಅಂದರು. ಈ ವಕೀಲರ ಹತ್ತಿರ ಕರೆದುಕೊಂಡು ಹೋದವರೂ ಅವರೇ.

ವಕೀಲರು ಡ್ರಾಫ್ಟ್ ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಈ ದುಡ್ಡು ಯಾರದ್ದು?" ನಾನು ನಾಮಿನಿ ಅಂದೆ. ನಾಮಿನಿ ಅಂದರೆ ಮಾಲೀಕರಲ್ಲ, ವಾರಸುದಾರರ ಪರವಾಗಿ ದುಡ್ಡು ಈಸಿಕೊಳ್ಳುವವರು ಅಷ್ಟೇ ಅಂದರು. ಅಪ್ಪ ಅಮ್ಮ ಇಲ್ಲ, ಹಾಗಾಗಿ ಅಣ್ಣನ ದುಡ್ಡಿಗೆ ನಾನೂ ನನ್ನ ತಮ್ಮನೂ ಇಬ್ಬರೂ ವಾರಸುದಾರರು. ತಮ್ಮನನ್ನು ಕರೆದುಕೊಂಡು ಬನ್ನಿ, ಅವರು ಒಪ್ಪದೆ ನಾನು ಒಂದು ಸಾಲೂ ಬರೆಯುವುದಿಲ್ಲ ಅಂದರು.

ಮುಂದಿನ ವಾರ ಮೂವರೂ ಹೋದೆವು: ನಾನು, ತಮ್ಮ, ಹೆಡ್‌ಮಾಸ್ಟರು. ಟ್ರಸ್ಟಿ ಆಗಬೇಕಾದವರು ನಾವು ಮೂವರೇ. ತಮ್ಮ ನೇರವಾಗಿಯೇ ಕೇಳಿದ. "ಸಾರ್, ಅರ್ಧ ನನ್ನದೂ ಹೌದಲ್ವಾ? ಕಷ್ಟ ಬಂದಾಗ ತಗೊಂಡು ಆಮೇಲೆ ವಾಪಸ್ ಹಾಕಬಹುದಾ?"

ವಕೀಲರಿಗೆ ಸಿಟ್ಟು ಬರಲಿಲ್ಲ. "ಸಹಿ ಹಾಕುವವರೆಗೆ ನಿಮ್ಮದು. ಹಾಕಿದ ಮೇಲೆ ಆ ಮಕ್ಕಳದ್ದು. ಟ್ರಸ್ಟಿ ಆಗಲೇಬೇಕು ಅಂತ ಯಾರಿಗೂ ಬಲವಂತ ಇಲ್ಲ, ಬೇಡ ಅನ್ನಿಸಿದರೆ ಈಗಲೇ ಹೇಳಿಬಿಡಿ. ಒಪ್ಪಿಕೊಂಡ ಮೇಲೆ ಸುಮ್ನೆ ಬಿಟ್ಟು ಹೋಗುವ ಹಾಗಿಲ್ಲ" ಅಂದರು.

ಆಮೇಲೆ 1882ರ ಇಂಡಿಯನ್ ಟ್ರಸ್ಟ್ಸ್ ಆಕ್ಟ್ ತೆಗೆದು, ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಆ ಕಾಯ್ದೆ ನೇರವಾಗಿ ಅನ್ವಯವಾಗುವುದು ಖಾಸಗಿ ಟ್ರಸ್ಟಿಗೆ, ಅಂದರೆ ಮನೆಯವರಂಥ ಗೊತ್ತಾದ ಕೆಲವರಿಗಾಗಿ ಮಾಡುವ ಟ್ರಸ್ಟಿಗೆ. ಆದರೆ ನಮ್ಮಂಥ ಸಾರ್ವಜನಿಕ ಟ್ರಸ್ಟಿನ ವಿಷಯದಲ್ಲೂ ಕೋರ್ಟು ಅದೇ ತತ್ವಗಳನ್ನು ನೋಡುತ್ತದಂತೆ. ಬುದ್ಧಿ ಇರುವ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜೋಪಾನ ಮಾಡುತ್ತಾನೋ ಟ್ರಸ್ಟಿಯಾದವರು ಟ್ರಸ್ಟಿನ ಆಸ್ತಿಯನ್ನು ಅಷ್ಟು ಜೋಪಾನ ಮಾಡಬೇಕು. ಅದರಿಂದ ತನಗೆ ಲಾಭ ಮಾಡಿಕೊಳ್ಳಬಾರದು. ಡೀಡಿನಲ್ಲಿ ಬರೆದಿಲ್ಲದಿದ್ದರೆ ಸಂಬಳವನ್ನೂ ಕೇಳುವ ಹಾಗಿಲ್ಲ. ಲೆಕ್ಕ ಇಡಬೇಕು, ಕೇಳಿದಾಗ ತೋರಿಸಬೇಕು.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣನ ಬ್ಯಾಗ್ ಇದ್ದ ಹಾಗೆ ಅನ್ನಿ" ಅಂದ.

ನನಗೆ ಕಣ್ಣು ತುಂಬಿ ಬಂತು. ಅಣ್ಣನ ಹೆಗಲಲ್ಲಿ ಆ ಚರ್ಮದ ಬ್ಯಾಗ್ ದಿನವಿಡೀ ಇರುತ್ತಿತ್ತು. ತುಂಬ ನೋಟು, ಚಿಲ್ಲರೆ. ಡ್ಯೂಟಿ ಶುರುವಾಗುವ ಮೊದಲೇ ಜೇಬಿನಲ್ಲಿ ಸ್ವಂತ ದುಡ್ಡು ಎಷ್ಟಿದೆ ಅಂತ ಬರೆದುಕೊಡಬೇಕಿತ್ತು. ಸಂಜೆ ಡಿಪೋದಲ್ಲಿ ಟಿಕೆಟ್‌ಗೂ ಕ್ಯಾಷ್‌ಗೂ ತಾಳೆ ಆಗಬೇಕು. ಒಮ್ಮೆ ಹತ್ತು ರೂಪಾಯಿ ಕಡಿಮೆ ಬಂದು, ಕೈಯಿಂದ ಹಾಕಿ ಬಂದು ರಾತ್ರಿ ಊಟ ಮಾಡದೆ ಮಲಗಿದ್ದ. ವಕೀಲರ ಆಫೀಸಿನಲ್ಲಿ ಆವತ್ತೇ ತಮ್ಮ ಟ್ರಸ್ಟಿ ಆಗಲು ಒಪ್ಪಿದ.

ಡೀಡನ್ನು ಹೊಸದಾಗಿ ಬರೆದರು. 'ಆಜೀವ' ಪದದ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದು ಇನ್ನೂ ಕಣ್ಣ ಮುಂದಿದೆ. ಉದ್ದೇಶ ಒಂದೇ, ಆ ಶಾಲೆಯ ಹೆಣ್ಣುಮಕ್ಕಳ ಓದು. ಟ್ರಸ್ಟಿನ ಹೆಸರಲ್ಲೇ ಬೇರೆ ಖಾತೆ, ಚೆಕ್ಕಿಗೆ ಎರಡು ಸಹಿ. ಒಬ್ಬರು ತೀರಿಕೊಂಡರೆ ಮೂರು ತಿಂಗಳಲ್ಲಿ ಇನ್ನೊಬ್ಬರನ್ನು ಆರಿಸಬೇಕು. ಟ್ರಸ್ಟ್ ಮುಚ್ಚಬೇಕಾಗಿ ಬಂದರೆ ದುಡ್ಡು ಇದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗಬೇಕು, ನಮ್ಮ ಮನೆಗಲ್ಲ.

ಒಂದು ಕಲಮಿನ ಹತ್ತಿರ ಮಾತ್ರ ನಾನು ಹಟ ಹಿಡಿದೆ. ಟ್ರಸ್ಟಿಗಳ ಮಕ್ಕಳಿಗೆ, ಹತ್ತಿರದ ನೆಂಟರಿಗೆ ವಿದ್ಯಾರ್ಥಿವೇತನ ಕೊಡುವ ಹಾಗಿಲ್ಲ ಅಂತ ಬರೆದಿದ್ದರು. ತಮ್ಮನ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಅಣ್ಣ ಅವಳನ್ನು ಎತ್ತಿ ಆಡಿಸಿದವನು. ಅವಳಿಗೆ ಇಲ್ಲ ಅಂದರೆ ಹೇಗೆ? ವಕೀಲರು ಹೇಳಿದ್ದಿಷ್ಟು: "ಅವಳ ಫೀಸು ನೀವಿಬ್ಬರೂ ಕೈಯಿಂದ ಕಟ್ಟಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ." ಬೇಜಾರಾಯಿತು. ಆದರೆ ಆ ಕಲಮು ಇದೆ ಅನ್ನುವ ಕಾರಣಕ್ಕೇ ಇವತ್ತು ನಾನು ಶಾಲೆಯಲ್ಲಿ ತಲೆ ಎತ್ತಿ ಪಟ್ಟಿ ಓದುತ್ತೇನೆ.

ಇನ್ನೊಂದು ವಿಷಯ ಜನರಿಗೆ ಗೊತ್ತಿರಬೇಕು. ಮಹಾರಾಷ್ಟ್ರದಲ್ಲಿ ಟ್ರಸ್ಟ್‌ಗಳ ಲೆಕ್ಕ ನೋಡಲು ಚಾರಿಟಿ ಕಮಿಷನರ್ ಇದ್ದಾರೆ. ನಮ್ಮ ಕಡೆ ಅಂಥ ಕಚೇರಿ ಇಲ್ಲ, ಸಬ್ ರಿಜಿಸ್ಟ್ರಾರ್ ಡೀಡ್ ನೋಂದಣಿ ಮಾಡುತ್ತಾರೆ, ಅಷ್ಟೇ. ಆದರೆ ಟ್ರಸ್ಟಿಗಳು ದಾರಿ ತಪ್ಪಿದರೆ, ಆ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ದಾವೆ ಹಾಕಬಹುದು. ಕೋರ್ಟು ಟ್ರಸ್ಟಿಯನ್ನು ತೆಗೆದೂ ಹಾಕಬಹುದು. ಇದನ್ನು ನಾವು ಶಾಲೆಯ ತಂದೆತಾಯಿಯರಿಗೂ ಹೇಳಿದ್ದೇವೆ.

ಮಾತಿನ ನಡುವೆ ಹೆಡ್‌ಮಾಸ್ಟರು ನಮ್ಮ ಜಿಲ್ಲೆಯವರೇ ಆದ ಗುಬ್ಬಿ ತೋಟದಪ್ಪನವರನ್ನು ನೆನೆದರು. ಮಕ್ಕಳಿಲ್ಲದ ವ್ಯಾಪಾರಿ. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಅವರ ಛತ್ರ 1903ರಲ್ಲಿ ಶುರುವಾಯಿತು. 1910ರಲ್ಲಿ ಅವರು ಹೋದರು. ಛತ್ರ ಇವತ್ತಿಗೂ ಇದೆ. ಕೊಟ್ಟವರು ಹೋದ ಮೇಲೂ ಅದು ಉಳಿದದ್ದು ಟ್ರಸ್ಟ್ ಮಾಡಿ ಹೋದದ್ದರಿಂದ, ತಲೆಮಾರಿಗೆ ತಲೆಮಾರು ಯಾರೋ ಅದನ್ನು ನೋಡಿಕೊಂಡದ್ದರಿಂದ.

ಇನ್ನು ಕೊರತೆಗಳು. ಡೀಡ್ ಕೈಗೆ ಬರಲು ಏಳು ವಾರ ಹಿಡಿಯಿತು. ಆಫೀಸು ಎರಡನೇ ಮಹಡಿ, ಲಿಫ್ಟ್ ಇಲ್ಲ. ಹೆಡ್‌ಮಾಸ್ಟರಿಗೆ ಮಂಡಿ ನೋವು, ಮಧ್ಯೆ ಎರಡು ಕಡೆ ನಿಂತು ಹತ್ತಿದರು. ಫೋನ್ ಎತ್ತುವುದು ಅಪರೂಪ. ಫೀಸು 12 ಸಾವಿರ, ರಸೀದಿ ಕೊಟ್ಟರು. ಆದಾಯ ತೆರಿಗೆಯ ಕೆಲಸ ಅವರು ಮಾಡುವುದಿಲ್ಲ, ಅದಕ್ಕೆ ಬೇರೆ ಆಡಿಟರ್ ನೋಡಿಕೊಳ್ಳಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಬಡ್ಡಿಯಲ್ಲಿ ಈ ವರ್ಷ ಎಂಟು ಹುಡುಗಿಯರಿಗೆ ತಲಾ 12 ಸಾವಿರ ಕೊಟ್ಟೆವು. ಹೋಗುವುದಾದರೆ ಸಂಜೆ ಆರರ ಮೇಲೆ ಹೋಗಿ, ಟ್ರಸ್ಟಿ ಆಗುವವರೆಲ್ಲ ಒಟ್ಟಿಗೆ ಹೋಗಿ. ಒಬ್ಬರು ಬರದಿದ್ದರೂ ಅವರು ಫೈಲ್ ತೆಗೆಯುವುದಿಲ್ಲ.